ದೊಡ್ಡವ್ವನ ನಾಯಿಗಳು ಹೋದದ್ದು ಹೀಗೆ

ಮೊನ್ನೆ ಪಕ್ಕದ ಮನೆಯ ಹುಡುಗಿ ಬೀದಿನಾಯಿಯ ಮರಿಯೊಂದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದು ನನ್ನ ತೊಡೆಯ ಮೇಲೆ ಬಿಟ್ಟಳು. ಆಗಷ್ಟೇ ತಾಯಿಯ ಹಾಲು ಕುಡಿದ ಮರಿ. ಅದರ ಹೊಟ್ಟೆಯಿಂದ ಬಂದ ವಾಸನೆ... ಹುಳಿಹಾಲು, ಬೆಚ್ಚಗಿನ ಹಳೆಯ ಕೌದಿ, ಅದರೊಳಗೆ ಒಂದಿಷ್ಟು ಬೂದಿ. ಸೊಸೆ ಒಳಗಿನಿಂದ "ಅತ್ತಿ, ಅದನ್ನ ಕೆಳಗ ಇಳಸ್ರಿ, ಸೀರಿ ಹೊಲಸ ಆಗತೈತಿ" ಎಂದು ಕೂಗಿದಳು. ನಾನು ಇಳಿಸಲಿಲ್ಲ. ಮೂಗನ್ನು ಇನ್ನಷ್ಟು ಹತ್ತಿರ ತಂದೆ. ಬೈಲಹೊಂಗಲದ ಈ ಮನೆಯ ಕಟ್ಟೆಯ ಮೇಲೆ ಕುಳಿತವಳು ತೊರಗಲ್ ಕೋಟೆಯ ಬುಡದ ನಮ್ಮ ಹಳೆಯ ಮನೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ದೊಡ್ಡವ್ವ ನಾಯಿಮರಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಯಾರ ಮೇಲೋ ಬಾಯಿ ಮಾಡುತ್ತಿದ್ದಳು.

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ದೊಡ್ಡಪ್ಪ ತೀರಿಕೊಂಡಿದ್ದ. ಎತ್ತರದ ಹೆಂಗಸು, ಗಂಡಸರ ಹಾಗೆ ಉದ್ದ ಹೆಜ್ಜೆ, ಸೊಂಟದಲ್ಲಿ ನಶ್ಯದ ಡಬ್ಬಿ, ಕೈಯಲ್ಲಿ ಯಾವಾಗಲೂ ಒಂದು ಕೋಲು. ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ನನ್ನ ತಲೆಗೆ ಅವಳು ಹಾಕಿದ ಮೊಟಕುಗಳನ್ನು ಲೆಕ್ಕ ಇಟ್ಟವರಿಲ್ಲ. ಅಡುಗೆಯಲ್ಲಿ ಮಾತ್ರ ದೇವರೇ ಗತಿ. ಅವಳು ಬಡಿದ ರೊಟ್ಟಿಯನ್ನು ಮರುಮಾತಿಲ್ಲದೆ ತಿನ್ನುತ್ತಿದ್ದವು ನಾಯಿಗಳು ಮಾತ್ರ.

ಅವಳು ನಮ್ಮ ಮನೆಗೆ ಹೊರಗಿನಿಂದ ಬಂದ ಸೊಸೆಯೂ ಅಲ್ಲ. ನನ್ನ ಅಜ್ಜ ತನ್ನ ಸ್ವಂತ ಮಗಳ ಮಗಳನ್ನೇ ಹಿರಿಯ ಮಗನಿಗೆ ತಂದುಕೊಂಡಿದ್ದ. ಅಂದರೆ ದೊಡ್ಡವ್ವ ಮದುವೆಯಾದದ್ದು ತನ್ನ ಸೋದರಮಾವನನ್ನು. ನಮ್ಮ ಕಡೆ ಅದೇನು ದೊಡ್ಡ ಸುದ್ದಿಯಲ್ಲ, ಹೆಣ್ಣು ಹುಟ್ಟಿದರೆ ಮೊದಲ ಹಕ್ಕು ಸೋದರಮಾವನದೇ. ಮದುವೆಯಾದ ಮೇಲೆ ಅಜ್ಜನನ್ನು "ಮಾವಾರ" ಎಂದು ಕರೆಯಬೇಕೆಂದು ಹಿರಿಯರು ಹೇಳಿಕೊಟ್ಟರಂತೆ. "ಹುಟ್ಟಿದಾಗಿಂದ ಅಜ್ಜ ಆಗಿದ್ದಾಂವ ತಾಳಿ ಕಟ್ಟಿದ ಕೂಡಲೆ ಬ್ಯಾರೆ ಆಗತಾನೇನು?" ಎಂದಳಂತೆ ಇವಳು. ಕೊನೆಯವರೆಗೂ ಅಜ್ಜಾ ಎಂದೇ ಕರೆದಳು.

ಅಜ್ಜನಿಗೆ ನಾಯಿಗಳ ಹುಚ್ಚು. ಈಗ ಅವನ್ನು ಮುಧೋಳ ನಾಯಿ ಎಂದು ದೊಡ್ಡದಾಗಿ ಕರೆಯುತ್ತಾರೆ, ನಮಗೆ ಅವು ಬರೀ ಬೇಟೆನಾಯಿ. ಉದ್ದ ಮೂತಿ, ಬೆನ್ನಿಗೆ ಅಂಟಿದ ಹೊಟ್ಟೆ, ಒಂದೊಂದಾಗಿ ಎಣಿಸಬಹುದಾದ ಪಕ್ಕೆಲುಬು. ಹೊಸಬರು ನೋಡಿದರೆ ನಾವು ಅವನ್ನು ಉಪವಾಸ ಕೆಡವಿದ್ದೇವೆ ಎನ್ನುತ್ತಿದ್ದರು. ಮೊಲದ ಬೆನ್ನು ಹತ್ತಿದರೆ ಎರೆಹೊಲದಲ್ಲಿ ಧೂಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಜ್ಜನ ಚಿಕ್ಕಂದಿನಲ್ಲಿ ಊರೂರಿಗೆ ಇದ್ದವಂತೆ. ನನ್ನ ಕಾಲಕ್ಕೆ ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ಎಲ್ಲ ಸೇರಿಸಿದರೂ ಕೆಲವೇ ಮನೆಗಳಲ್ಲಿ ಉಳಿದಿದ್ದವು. ಉಳಿದವರು ಬೀದಿಗೆ ಬಿಟ್ಟು ಬೆರಕೆ ಮಾಡಿಕೊಂಡಿದ್ದರು. ಬೆರಕೆ ಎಂಬ ಮಾತು ಕೇಳಿದರೆ ಸಾಕು, ಅಜ್ಜನ ಮೀಸೆ ಕುಣಿಯುತ್ತಿತ್ತು.

ಬೆರಕೆ ಆಗಬಾರದೆಂದು ಅಜ್ಜ ನಾಯಿಗಳಿಗೂ ಬೆಡಗು ಕಟ್ಟಿದ್ದ. ಬೆಡಗು ಎಂದರೆ ತಂದೆಯಿಂದ ಮಕ್ಕಳಿಗೆ ಬರುವ ಮನೆತನದ ಹೆಸರು. ಒಂದೇ ಬೆಡಗಿನವರು ಅಣ್ಣತಮ್ಮಂದಿರ ಲೆಕ್ಕ, ಅವರಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ. ಮನುಷ್ಯರಿಗಿರುವ ಈ ನಿಯಮವನ್ನೇ ಅಜ್ಜ ನಾಯಿಗಳಿಗೆ ಹಚ್ಚಿದ. ಕಿತ್ತೂರ ಕಡೆಯ ಗಂಡಿಗೆ ಹುಟ್ಟಿದ್ದು ಕಿತ್ತೂರ ಬೆಡಗು, ಸವದತ್ತಿಯ ಗಂಡಿಗೆ ಹುಟ್ಟಿದ್ದು ಸವದತ್ತಿ ಬೆಡಗು. ಬೆಡಗು ಬೇರೆಯಾದರೆ ಕೂಡಿಸಬಹುದು, ಒಂದೇ ಆದರೆ ಇಲ್ಲ. ಜನ ದೂರದಿಂದ ಬಂದು ಈ ಕಟ್ಟುನಿಟ್ಟನ್ನು ಹೊಗಳಿ ಹೋಗುತ್ತಿದ್ದರು. ಆದರೆ ತಾಯಿಯ ಕಡೆ ಯಾರೂ ನೋಡುತ್ತಿರಲಿಲ್ಲ. ತಾಯಿಯ ಅಣ್ಣನೋ ತಮ್ಮನೋ ಆದ ಗಂಡಿನ ಬೆಡಗು ಬೇರೆಯೇ ಬರುತ್ತದೆ, ನಮ್ಮ ಸೋದರಮಾವಂದಿರ ಬೆಡಗು ನಮಗೆ ಬೇರೆಯಾಗುವ ಹಾಗೆ. ಹೀಗಾಗಿ ನಮ್ಮ ಮನೆಯ ನಾಯಿಗಳಲ್ಲಿ ಸೋದರಮಾವ ಸೊಸೆಯರ ಮದುವೆಗಳು ಒಂದರ ಮೇಲೊಂದು ಆಗುತ್ತಲೇ ಇದ್ದವು, ನಮ್ಮ ಮನೆಯ ಮನುಷ್ಯರಲ್ಲಿ ಆದ ಹಾಗೆಯೇ.

ಒಂದು ಸಲ ಹುಟ್ಟಿದ ಮರಿಗಳು ಹಾಲಿಗೆ ಬಾಯಿ ಹಾಕಿದವು, ಆದರೆ ಕುಡಿದ ಹಾಲೆಲ್ಲ ಮೂಗಿನಿಂದ ವಾಪಸು ಬರತೊಡಗಿತು. ಅಜ್ಜ ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿಸಿದ. ದೊಡ್ಡವ್ವ ಮಾತ್ರ ಒಂದು ಮರಿಯನ್ನು ಎತ್ತಿಕೊಂಡು, ಕಿರುಬೆರಳು ತೊಳೆದು ಅದರ ಬಾಯೊಳಗೆ ಇಟ್ಟಳು. ಮೇಲೆ ಅಂಗಳು ಇರಬೇಕಾದಲ್ಲಿ ಸೀಳು. ಇನ್ನೊಂದನ್ನು ನೋಡಿದಳು, ಅದಕ್ಕೂ ಸೀಳು. ಮರಿಯನ್ನು ಹಿಡಿದುಕೊಂಡೇ ಗೋಡೆಗೊರಗಿ ಕುಳಿತುಬಿಟ್ಟಳಂತೆ. ಇದನ್ನು ನನಗೆ ಹೇಳಿದ್ದು ನನ್ನ ಅವ್ವ. ಹಾಗೆ ಕುಳಿತದ್ದು ಏಕೆಂದರೆ, ದೊಡ್ಡವ್ವನ ಚೊಚ್ಚಲ ಕೂಸಿಗೂ ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಅದರ ನಂತರದ್ದಕ್ಕೂ. ಹೆಸರಿಡುವವರೆಗೂ ಬದುಕಿದ್ದು ಒಂದೇ ಒಂದು ಅಂತೆ, ಅದೂ ಉಳಿಯಲಿಲ್ಲ. ಊರೆಲ್ಲ ಅದನ್ನು ಅವಳ ಹಣೆಬರಹ ಎಂದಿತ್ತು. ಕೆಲವರು ಅವಳ ನಾಲಿಗೆಗೆ ಸಿಕ್ಕ ಶಿಕ್ಷೆ ಎಂದೂ ಅಂದಿದ್ದರು.

"ಅಜ್ಜಾ, ತಾಯಿ ಕಡೆನೂ ನೋಡಬೇಕು," ಎಂದಳಂತೆ ಅವತ್ತು.

"ತಾಯಿ ಕಡಿ ಬೆಡಗ ಎಲ್ಲೆರ ಇರತೈತೇನು ಹುಚ್ಚಿ?" ಎಂದ ಅಜ್ಜ.

ಅಜ್ಜ ಕೊನೆಗೂ ಒಪ್ಪಲಿಲ್ಲ. ಒಪ್ಪಿದರೆ ನಾಯಿಯ ವಿಷಯದಲ್ಲಿ ಮಾತ್ರ ಒಪ್ಪಿದಂತಾಗುತ್ತಿರಲಿಲ್ಲವಲ್ಲ. ಮಗಳ ಮಗಳನ್ನು ಮಗನಿಗೆ ತಂದವನು ಅವನೇ. ಅವನು ಹೋದ ಮೇಲೆ ನಾಯಿಗಳ ಪಾರುಪತ್ಯ ದೊಡ್ಡವ್ವನ ಕೈಗೆ ಬಂತು, ಅವಳು ಮೊದಲು ಮಾಡಿದ ಕೆಲಸವೇ ಆ ನಿಯಮವನ್ನು ಮುರಿದದ್ದು. ಗಂಡು ನಾಯಿ ತಂದವರನ್ನು ಇದರ ತಂದೆ ಯಾವುದು ಎಂದು ಕೇಳುತ್ತಿರಲಿಲ್ಲ, ಇದರ ಅವ್ವ ಯಾರು, ಅವ್ವನ ಅವ್ವ ಎಲ್ಲಿಯದು ಎಂದು ಕೇಳುತ್ತಿದ್ದಳು. ಗೊತ್ತಿಲ್ಲ ಎಂದವರನ್ನು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು. ಜನಕ್ಕೆ ಸಿಟ್ಟು ಬಂತು. ಬಾರದೆ ಏನು? ಆ ಪ್ರಶ್ನೆಯ ಮೊನೆ ತಮ್ಮ ಮನೆಯ ಕಡೆಗೇ ತಿರುಗಿದೆ ಎಂಬುದು ಗೊತ್ತಾಗದಷ್ಟು ದಡ್ಡರು ನಮ್ಮವರಲ್ಲ.

ಹಾಗೆಂದು ಅವಳನ್ನು ಮಹಾಜ್ಞಾನಿ ಮಾಡಿ ಕೂರಿಸುವುದು ನನಗೆ ಬೇಕಿಲ್ಲ. ಮರಿ ಹುಟ್ಟಿದ ದಿನ ಪ್ರತಿಯೊಂದರ ಹಣೆಗೂ ಸವದತ್ತಿ ಎಲ್ಲಮ್ಮನ ಭಂಡಾರದ ಅರಿಶಿನ ಹಚ್ಚುತ್ತಿದ್ದಳು. ಗಬ್ಬದ ನಾಯಿಯ ಕಣ್ಣಿಗೆ ಹಾವಿನ ಪೊರೆ ಬಿದ್ದರೆ ಮರಿಗಳಿಗೆ ಬಾಲ ಸೊಟ್ಟಗಾಗುತ್ತದೆ ಎಂದು ಸಾಯುವವರೆಗೂ ನಂಬಿದ್ದಳು. ಬೆಕ್ಕು ಕಂಡರೆ ಆಗುತ್ತಿರಲಿಲ್ಲ. ಆದರೆ ಮರಿ ಸಾಕುವುದರಲ್ಲಿ ಅವಳ ಕೈಗೆ ಸಾಟಿ ಇರಲಿಲ್ಲ. ಹುಟ್ಟಿದ ಕೂಡಲೆ ಬಾಯಲ್ಲಿ ಕಿರುಬೆರಳು. ಸೊರಗಿದ ಮರಿಯನ್ನು ತಾಯಿಯ ಹಿಂದಿನ ಮೊಲೆಗೆ ಹಚ್ಚಿ, ಗಟ್ಟಿ ಮರಿಯನ್ನು ಮುಂದಕ್ಕೆ ದಬ್ಬುವುದು, ಏಕೆಂದರೆ ಹಿಂದಿನ ಮೊಲೆಯಲ್ಲೇ ಹಾಲು ಹೆಚ್ಚು. ತಾಯಿಗೆ ಜೋಳದ ನುಚ್ಚು, ಆಡಿನ ಹಾಲು. ಮರಿಗಳು ಕಾಲೂರತೊಡಗಿದ ಮೇಲೆ ಕಲ್ಲುಹಾಸಿನ ಮೇಲೆ ಬಿಡುತ್ತಿರಲಿಲ್ಲ. ಜಾರಿ ಜಾರಿ ಕಾಲು ಅಗಲುತ್ತವೆ ಎಂದು ಮಲಪ್ರಭೆಯ ಮರಳು ಹೊರಿಸಿ ತಂದು ಕೋಣೆಯ ತುಂಬ ಹಾಸುತ್ತಿದ್ದಳು. ಕುಟ್ಟುವುದು, ಬೀಸುವುದು, ಕೇರುವುದು ಎಲ್ಲ ಆ ಕೋಣೆಯ ಬಾಗಿಲಲ್ಲೇ ನಡೆಯಬೇಕು, ಮರಿಗಳು ಸಪ್ಪಳಕ್ಕೆ ಹೆದರಬಾರದು. ಮನೆಗೆ ಬಂದ ಮುದುಕರು, ಹೆಂಗಸರು, ಕೂಸುಗಳು ಎಲ್ಲರ ಕೈಯೂ ಅವುಗಳ ಮೈಮೇಲೆ ಆಡಬೇಕು. ಮೂಗು ಮುರಿದವರಿಗೆ ಕೋಲು ತೋರಿಸುತ್ತಿದ್ದಳು.

ಕೊಡುವಾಗಿನ ರಗಳೆ ಇನ್ನೂ ದೊಡ್ಡದು. ನಮ್ಮ ಕಡೆ ಬೇಟೆಗಾರರಲ್ಲಿ ಒಂದು ನಂಬಿಕೆ ಇತ್ತು. ಮರಿ ಕಣ್ಣು ಬಿಡುವ ಮೊದಲೇ ಒಯ್ದುಬಿಡಬೇಕು, ಆಗ ಅದು ಮೊದಲು ಕಂಡವನನ್ನೇ ಒಡೆಯ ಎಂದು ಹಿಡಿದುಕೊಳ್ಳುತ್ತದೆ, ಸಾಯುವವರೆಗೆ ಬಿಡುವುದಿಲ್ಲ ಎಂದು. ಹಾಗೆ ಒಯ್ದ ಮರಿಗಳಲ್ಲಿ ಅರ್ಧ ಸಾಯುತ್ತಿದ್ದವು, ಉಳಿದ ಅರ್ಧ ಅಂಜುಬುರುಕ ಆಗುತ್ತಿದ್ದವು. ಆದರೂ ನಂಬಿಕೆ ಹೋಗಲಿಲ್ಲ. ದೊಡ್ಡವ್ವ ಮೊಲೆ ಬಿಡಿಸದೆ ಒಂದು ಮರಿಯನ್ನೂ ಹೊಸ್ತಿಲು ದಾಟಿಸುತ್ತಿರಲಿಲ್ಲ. ಅದಕ್ಕೂ ಮುಂಚೆ, ಹೆಣ್ಣು ಕೊಡುವವರ ಹಾಗೆ, ಒಯ್ಯುವವರ ಮನೆ ನೋಡಲು ತಾನೇ ಹೋಗುತ್ತಿದ್ದಳು. ದನದ ಕೊಟ್ಟಿಗೆ ನೋಡಿ, ಎತ್ತಿನ ಬೆನ್ನ ಮೇಲೆ ಬಾಸುಂಡೆ ಕಂಡರೆ ಎದ್ದು ಬಂದುಬಿಡುತ್ತಿದ್ದಳು.

ಇನ್ನು ನನ್ನ ಕಥೆ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತನ್ನ ತಮ್ಮನಿಗೆ ನನ್ನನ್ನು ಕೊಡುವುದಾಗಿ ಮಾತು ಕೊಟ್ಟಿದ್ದಳು. ಮಾವನದು ಸುರೇಬಾನ. ಜರತಾರಿ ರುಮಾಲು, ತಿದ್ದಿದ ಮೀಸೆ, ಊರಿನ ಗೌಡಿಕೆ ತನಗೇ ಬರಬೇಕೆಂದು ದಾಯಾದಿಗಳೊಡನೆ ಗುದ್ದಾಟ. ಅದನ್ನು ಕೊಡಿಸಿಯಾನೆಂದು, ಬೆಳಗಾವಿಯಿಂದ ಶಿಕಾರಿಗೆ ಬರುತ್ತಿದ್ದ ಒಬ್ಬ ಸಾಹೇಬನ ಹಿಂದೆ ಮುಂದೆ ಓಡಾಡುತ್ತಿದ್ದ. ಆ ಸಾಹೇಬನಿಗೆ ನಮ್ಮ ಮನೆಯ ನಾಯಿಗಳ ಮೇಲೆ ಕಣ್ಣು. ಅವ್ವನ ಮದುವೆಯಲ್ಲಿ ಅಜ್ಜ ಬೀಗರಿಗೆ ಒಂದು ಗಂಡುಮರಿ ಕೊಟ್ಟಿದ್ದ. ಅದು ಸತ್ತ ಮೇಲೆ ಇನ್ನೊಂದು ಕೊಟ್ಟ, ಅದರ ಹೆಸರು ಸರ್ಜಾ. ನಮ್ಮ ಮನೆಯಲ್ಲಿ ಆಗ ಉಳಿದಿದ್ದ ಒಳ್ಳೆಯ ಹೆಣ್ಣು ಎಂದರೆ ಹೊನ್ನಿ. ಹೊನ್ನಿಯ ತಾಯಿ, ಸರ್ಜಾ ಎರಡೂ ಒಂದೇ ಹೊಟ್ಟೆಯವು.

ಹೊನ್ನಿ ಬೆದೆಗೆ ಬಂದ ಸುದ್ದಿ ಸುರೇಬಾನಕ್ಕೆ ಹೇಗೆ ಮುಟ್ಟಿತೋ, ಮಾವ ಬಂಡಿ ಹೂಡಿಕೊಂಡು ಬಂದ. ಪಕ್ಕದಲ್ಲಿ ಸರ್ಜಾ ಕುಳಿತಿತ್ತು, ರುಮಾಲು ಒಂದೇ ಕಡಿಮೆ. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ.

"ಅಕ್ಕಾರ, ಸರ್ಜಾನ್ನ ಕರಕೊಂಡ ಬಂದೇನಿ. ಹೊನ್ನಿ ಎಲ್ಲಿ ಕಟ್ಟೀರಿ?"

"ಒಳಗ ಕಟ್ಟೇನಿ. ನೀ ಮಜ್ಜಿಗಿ ಕುಡಿದು ಹಂಗ ವಾಪಸ ಕರಕೊಂಡ ಹೋಗು," ಎಂದಳು ದೊಡ್ಡವ್ವ.

"ಯಾಕ್ರಿ? ಬೆಡಗ ಬ್ಯಾರೆ ಐತಿ. ಅಜ್ಜಾರು ಇದ್ದಿದ್ರ ತಾವ ನಿಂತು ಕೂಡಸ್ತಿದ್ರು."

"ಇದರ ಅವ್ವನ ತಮ್ಮ ಅದು. ಸೋದರಮಾವ ಆಗತೈತಿ. ಕೊಡೂದಿಲ್ಲ."

ಮಾವ ನಕ್ಕ. ನನ್ನ ಕಡೆ ಒಮ್ಮೆ ನೋಡಿದ. "ನಾನೂ ಈಕಿಗೆ ಸೋದರಮಾವನ ಅಲ್ಲೇನ್ರಿ? ನಾಯಿಗೆ ಆಗದ್ದು ಮನಿಶ್ಯಾರಿಗೆ ಹೆಂಗ ಆಗತೈತಿ?" ಎಂದ. ಅವಳ ಬಾಯಿ ಕಟ್ಟಿಸಿದೆ ಎಂದುಕೊಂಡಿದ್ದ ಪಾಪ.

ದೊಡ್ಡವ್ವ ನಶ್ಯ ಏರಿಸಿ, ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಗೂದಿಲ್ಲ," ಎಂದಳು. "ಅದನ್ನೂ ಇವತ್ತ ಹೇಳಿಬಿಡತೇನಿ. ಆ ನಾಯಿಗೆ ಈ ನಾಯಿ ಕೊಡೂದಿಲ್ಲ. ನಿನಗ ಈ ಹುಡುಗಿ ಕೊಡೂದಿಲ್ಲ."

ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದಳು. "ಅಕ್ಕಾ, ನಾಲಿಗಿ ಬಿಗಿ ಹಿಡೀರಿ. ನನ್ನ ತಮ್ಮನ್ನ ನಾಯಿಗೆ ಹೋಲಸ್ತೀರೇನು?"

"ನಿನ್ನ ತಮ್ಮನ್ನ ಅಲ್ಲವಾ. ನನ್ನ ಗಂಡನ್ನ ಹೋಲಿಸೇನಿ. ನನ್ನ ಹೋಲಿಸೇನಿ. ನನ್ನ ಹೊಟ್ಟ್ಯಾಗ ಹುಟ್ಟಿ ಮಣ್ಣಾದವನ್ನ ಹೋಲಿಸೇನಿ. ನಿನಗೇನ ತ್ರಾಸ?"

ಆ ಕೂಸುಗಳ ಮಾತನ್ನು ಅವಳು ಅದಕ್ಕೂ ಮುಂಚೆ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ನನಗೆ ಆ ಮದುವೆ ಬೇಕೇ ಬೇಡವೇ ಎಂದು ಯಾರೂ ಕೇಳಿರಲಿಲ್ಲ, ನಿಜ ಹೇಳಬೇಕೆಂದರೆ ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಅವತ್ತು ಜೋಳದ ಮೊರ ಕೈಯಲ್ಲಿ ಹಿಡಿದು ಕೇಳಿಕೊಂಡೆ. ಬೇಡವಾಗಿತ್ತು. ಮಾವ ಮಜ್ಜಿಗೆ ಮುಟ್ಟದೆ ಬಂಡಿ ಹತ್ತಿದ. ಅವ್ವ ಅಂದಿನಿಂದ ದೊಡ್ಡವ್ವನೊಡನೆ ಮಾತು ಬಿಟ್ಟಳು.

ಮರುದಿನ ಬೆಳಿಗ್ಗೆ ದೊಡ್ಡವ್ವ ಹೊನ್ನಿಯ ಕೊರಳಿಗೆ ಹಗ್ಗ ಹಾಕಿದಳು. ಸಿರಸಂಗಿಯ ಒಬ್ಬ ರೈತನ ಮನೆಯಲ್ಲಿ ಒಂದು ಗಂಡು ಇತ್ತು. ಅದರ ತಾಯಿಯ ಕಡೆ, ತಂದೆಯ ಕಡೆ ಎರಡೂ ನಮ್ಮ ನಾಯಿಗಳಿಗೆ ಸಂಬಂಧವಿಲ್ಲದ್ದು ಎಂದು ಅವಳು ಮೊದಲೇ ಹೋಗಿ ವಿಚಾರಿಸಿ ಬಂದಿದ್ದಳು. ಕಾಳಮ್ಮನ ದರ್ಶನಕ್ಕೆ ಎಂದು ಅಪ್ಪನಿಗೆ ಹೇಳಿ ನನ್ನನ್ನೂ ಎಬ್ಬಿಸಿದಳು. ಅಪ್ಪ ಯಾರು ಕೊನೆಯದಾಗಿ ಮಾತಾಡಿದರೋ ಅವರಿಗೆ ಹೂಂ ಎನ್ನುವ ಮನುಷ್ಯ, ಹೂಂ ಎಂದ.

ಬೆದೆಗೆ ಬಂದ ನಾಯಿಯನ್ನು ನಡೆಸಿಕೊಂಡು ಹೋಗುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಊರು ದಾಟುವುದರೊಳಗೆ ನಮ್ಮ ಹಿಂದೆ ಊರಿನ ಗಂಡುನಾಯಿಗಳ ಮೆರವಣಿಗೆ. ಮುಂದಿನ ಹಳ್ಳಿಯಲ್ಲಿ ಅವುಗಳ ಜೊತೆಗೆ ಆ ಹಳ್ಳಿಯವೂ ಸೇರಿದವು. ಅವುಗಳಲ್ಲೇ ಕಚ್ಚಾಟ, ಕಿರುಚಾಟ, ಧೂಳು. ದೊಡ್ಡವ್ವ ಹಿಮ್ಮುಖವಾಗಿ ನಡೆಯುತ್ತ ಕೋಲು ಬೀಸುತ್ತಿದ್ದಳು, ನಾನು ಹೊನ್ನಿಯ ಹಗ್ಗ ಹಿಡಿದು ಓಡುತ್ತಿದ್ದೆ. ಹಳ್ಳದ ಹತ್ತಿರ ಎತ್ತಿಗೆ ನೀರು ಕುಡಿಸುತ್ತಿದ್ದವನೊಬ್ಬ ನಮ್ಮನ್ನು ನೋಡಿ ಹಲ್ಲು ಕಿಸಿದ.

"ಯಾವೂರಿಗೆ ಹೊಂಟೀರಿ ಯವ್ವಾ, ಇಷ್ಟ ದೊಡ್ಡ ದಿಬ್ಬಣ ತಗೊಂಡು?"

"ಬೀಗರೂರಿಗೆ. ನೀನೂ ಬಾ, ಹಿಂದ ಇಷ್ಟ ಮಂದಿ ಅದಾರ, ನೀನೊಬ್ಬ ಹೆಚ್ಚಿಗಿ ಆಗೂದಿಲ್ಲ!" ಎಂದಳು ದೊಡ್ಡವ್ವ.

ಅವನ ಹಲ್ಲು ಒಳಗೆ ಹೋಯಿತು. ನಾನು ನಕ್ಕು ನಕ್ಕು ಹಗ್ಗ ಬಿಡುವುದರಲ್ಲಿದ್ದೆ, ತಲೆಗೆ ಮೊಟಕು ಬಿತ್ತು. ನಡುವೆ ಒಂದು ಕಡೆ ಗುಡಿಯ ಪೌಳಿಯಲ್ಲಿ ವಸ್ತಿ ಮಾಡಿದೆವು. ಹೊನ್ನಿಯನ್ನು ನಮ್ಮಿಬ್ಬರ ನಡುವೆ ಮಲಗಿಸಿಕೊಂಡಿದ್ದಾಗ ನಾನು ಕೇಳಿದೆ, ಅವ್ವ ಅಷ್ಟು ಬೇಜಾರಾಗಿದ್ದಾಳೆ, ಇಷ್ಟಕ್ಕೇ ಬಿಟ್ಟುಬಿಡಬಾರದೇ ನೀನು ಎಂದು. ದೊಡ್ಡವ್ವ ನಾಯಿಯ ಕಿವಿಯಲ್ಲಿದ್ದ ಉಣ್ಣೆ ಕೀಳುತ್ತ ಹೇಳಿದಳು: "ನಿಮ್ಮವ್ವ ಕೆಟ್ಟಾಕಿ ಅಲ್ಲ. ಆಕಿ ಕೂಸುಗೋಳು ಉಳದಾವು, ಅದಕ್ಕ ಆಕಿಗೆ ಗೊತ್ತಿಲ್ಲ. ನನಗ ಗೊತ್ತೈತಿ. ಗೊತ್ತಿದ್ದಾಕಿ ಸುಮ್ಮ ಕುಂತ್ರ ಹೆಂಗ?" ಸಿರಸಂಗಿಯಲ್ಲಿ ಕೆಲಸ ಮುಗಿಸಿ, ಹೇಳಿದ ಸುಳ್ಳು ಪೂರ್ತಿ ಸುಳ್ಳಾಗಬಾರದೆಂದು ಕಾಳಮ್ಮನಿಗೆ ಕಾಯಿ ಒಡೆಸಿಕೊಂಡು ಬಂದೆವು.

ಹೊನ್ನಿ ಮರಿ ಹಾಕಿದಾಗ ದೊಡ್ಡವ್ವನ ಮುಖ ನೋಡಬೇಕಿತ್ತು. ಒಂದೊಂದರ ಬಾಯಲ್ಲೂ ಬೆರಳಿಟ್ಟು ನೋಡಿದಳು. ಎಲ್ಲದರ ಅಂಗಳೂ ಗಟ್ಟಿ. ಅಂಥ ಮರಿಗಳು ಆ ಮನೆಯಲ್ಲಿ ಅಜ್ಜನ ಕಾಲದಲ್ಲೂ ಹುಟ್ಟಿರಲಿಲ್ಲ ಎಂದು ನೋಡಿದವರೆಲ್ಲ ಹೇಳಿದರು. ಅವಳು ಅಷ್ಟು ಹೊತ್ತು ಯಾರನ್ನೂ ಬೈಯದೆ ಕುಳಿತದ್ದನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಆದರೆ ಅವ್ವ ತನ್ನ ಮಾತು ಬಿಟ್ಟಿರಲಿಲ್ಲ. ತಮ್ಮನಿಗಾದ ಅವಮಾನಕ್ಕೆ ಮದುವೆಯೇ ಮದ್ದು ಎಂದು ಅಪ್ಪನಿಂದ ಹೂಂ ಅನ್ನಿಸಿ, ವೀಳ್ಯದ ಶಾಸ್ತ್ರಕ್ಕೆ ದಿನ ಗೊತ್ತು ಮಾಡಿಬಿಟ್ಟಳು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮಾವ ಹಿರಿಯರನ್ನು ಕರೆದುಕೊಂಡು ಬಂದ. ನನಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಕಾಲು ತೊಳೆಯಲು ನೀರು ಕೊಟ್ಟರೆ ಅವನು ಅದನ್ನೂ ಮುಟ್ಟದೆ ಮರಿಗಳ ಕೋಣೆಗೆ ನೆಟ್ಟಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವನ ಮುಖದಲ್ಲಿ ಸಾಹೇಬನೂ ಗೌಡಿಕೆಯೂ ಒಟ್ಟಿಗೆ ಕುಣಿಯುತ್ತಿದ್ದವು. ದೊಡ್ಡವ್ವ ಕಂಬಕ್ಕೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದಳು.

ಎಲೆ ಅಡಿಕೆಯ ತಾಟು ಮುಂದೆ ಬಂತು. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ದೊಡ್ಡವ್ವ ಪಡಸಾಲೆಯ ನಟ್ಟನಡುವೆ ಬಂದು ನಿಂತಳು. ಗಂಡ ಸತ್ತವಳು ಶುಭಕ್ಕೆ ಎದುರು ಬರಬಾರದೆಂದು ಅವಳನ್ನು ಹಿಂದೆಯೇ ಇರಲು ಹೇಳಿದ್ದರು. ಹೆಂಗಸರು ಗುಸುಗುಸು ಎಂದರು. ಅವಳು ಯಾರ ಕಡೆಯೂ ನೋಡಲಿಲ್ಲ.

"ತಮ್ಮಾ, ಮರಿ ನೋಡಿ ಬಂದಿ. ಬೇಕೇನು?"

ಮಾವ ಹಿರಿಯರ ಮುಖ ನೋಡಿದ. "ಬೇಕ್ರಿ. ನೀವು ಕೊಡಬೇಕಲ್ಲ," ಎಂದ.

"ಕೊಡತೇನಿ. ಒಂದ ಎರಡ ಅಲ್ಲ, ಎಲ್ಲಾ ಒಯ್ಯಿ. ತಾಯಿ ಇಲ್ಲದ ಮರಿ ಉಳಿಯೂದಿಲ್ಲ, ಹೊನ್ನಿನ್ನೂ ಒಯ್ಯಿ. ಆದ್ರ ಈ ತಾಟು ಎತ್ತಿಕೊಂಡ ಹೋಗಬೇಕು. ಈ ಹುಡುಗಿ ಹೆಸರು ಇನ್ನ ಮ್ಯಾಲ ಎತ್ತಬಾರದು."

ನಾನು ತಲೆ ಎತ್ತಿ ಮಾವನನ್ನು ನೋಡಿದೆ. ತೊಟ್ಟಿಲಲ್ಲಿದ್ದಾಗಿನಿಂದ ನನ್ನ ಗಂಡ ಎಂದು ಎಲ್ಲರೂ ತೋರಿಸಿದ್ದ ಮನುಷ್ಯ. ಅವನು ನನ್ನ ಕಡೆ ನೋಡಲೇ ಇಲ್ಲ. ಕೋಣೆಯ ಬಾಗಿಲ ಕಡೆ ನೋಡಿದ.

"ತಾಯಿ ಸುದ್ದಾ?" ಎಂದ.

"ತಾಯಿ ಸುದ್ದಾ," ಎಂದಳು ದೊಡ್ಡವ್ವ.

"ಹಂಗಾದ್ರ ಆತ್ರಿ."

ಅಷ್ಟೇ. ಒಂದು ಎತ್ತಿನ ವ್ಯಾಪಾರಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಬೇಡವಾದ ಮದುವೆಯೇ ತಪ್ಪಿದ್ದರೂ ಇಷ್ಟು ಸುಲಭಕ್ಕೆ ಬಿಟ್ಟನಲ್ಲ ಎಂದು ಸಿಟ್ಟೂ ಬಂತು. ಆದರೆ ಅವ್ವನ ಮುಖ ನೋಡಿದ ಮೇಲೆ ನನ್ನ ಸಿಟ್ಟು ಮರೆತುಹೋಯಿತು. ತಮ್ಮ ಎಂದರೆ ಪ್ರಾಣ ಬಿಡುತ್ತಿದ್ದ ಅವ್ವ ಮೆಲ್ಲಗೆ ಎದ್ದಳು, ಎಲೆ ಅಡಿಕೆಯ ತಾಟನ್ನು ತಾನೇ ಎತ್ತಿ ತಮ್ಮನ ಕೈಗೆ ಕೊಟ್ಟಳು. "ಎದ್ದ ಹೋಗು," ಎಂದಳು. ಅಷ್ಟು ಸಣ್ಣ ದನಿ ಅವಳಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

ದೊಡ್ಡವ್ವ ಒಂದೇ ಒಂದು ಮಾತು ಕೇಳಿಕೊಂಡಳು, ಮೊಲೆ ಬಿಡುವವರೆಗಾದರೂ ಇಲ್ಲೇ ಇರಲಿ ಎಂದು. ಮಾವ ಒಪ್ಪಲಿಲ್ಲ. "ಕಣ್ಣ ಬಿಡೂಕಿಂತ ಮೊದಲ ಒಯ್ಯಬೇಕ್ರಿ, ಇಲ್ಲಂದ್ರ ನಿಮ್ಮನ್ನ ಹಿಡಕೋತಾವು," ಎಂದ. ಅವಳು ವಾದಿಸಲಿಲ್ಲ. ಬುಟ್ಟಿಗೆ ಕೌದಿ ಹಾಸಿದಳು, ಮರಿಗಳನ್ನು ಒಂದೊಂದಾಗಿ ಇಟ್ಟಳು, ಹೊನ್ನಿಯನ್ನು ಎತ್ತಿ ಬಂಡಿಗೆ ಹತ್ತಿಸಿದಳು. ಮಾವ ಕೇಳಿಸಿಕೊಳ್ಳುವುದಿಲ್ಲ ಎಂದು ಗೊತ್ತಾಗಿ ಬಂಡಿ ಹೊಡೆಯುವವನ ಪಕ್ಕದಲ್ಲಿ ನಡೆಯುತ್ತ ಊರ ಅಗಸಿಬಾಗಿಲವರೆಗೂ ಹೇಳುತ್ತ ಹೋದಳು: ನುಚ್ಚು ಬಿಸಿ ಇರಬಾರದು, ಕಲ್ಲಿನ ಮೇಲೆ ಬಿಡಬೇಡ, ಬಿಳಿ ಕಾಲಿನದು ಸೊರಗಿದೆ, ಅದನ್ನು ಹಿಂದಿನ ಮೊಲೆಗೆ ಹಚ್ಚು... ಬಂಡಿ ಮರೆಯಾದ ಮೇಲೂ ಅವಳ ದನಿ ಕೇಳುತ್ತಿತ್ತು ಎಂದು ಅಗಸಿಯ ಬಳಿ ಇದ್ದವರು ಆಮೇಲೆ ಹೇಳಿದರು. ತಿರುಗಿ ಬಂದವಳಿಗೆ ಅವ್ವ ತಾನೇ ಊಟಕ್ಕೆ ಬಡಿಸಿದಳು.

ಆ ನಾಯಿಗಳ ಗತಿ ಏನಾಯಿತು ಎಂದರೆ, ಏನಾಗಬೇಕೋ ಅದೇ ಆಯಿತು. ದೊಡ್ಡವ್ವ ಹೇಳಿದ್ದರಲ್ಲಿ ಒಂದನ್ನೂ ಅವರು ಮಾಡಲಿಲ್ಲ. ಬಿಳಿ ಕಾಲಿನದು ದಾರಿಯಲ್ಲೇ ಸತ್ತಿತು. ಎರಡು ಸಾಹೇಬನ ಪಾಲಾದವು. ಉಳಿದವುಗಳನ್ನು ಮಾವ ಹೊನ್ನಿಗೆ ಸರ್ಜಾ, ಆಮೇಲೆ ಅಣ್ಣನಿಗೆ ತಂಗಿ ಎಂದು ತನಗೆ ಬೇಕಾದ ಹಾಗೆ ಕೂಡಿಸಿದ. ಅಜ್ಜನ ಅರ್ಧ ನಿಯಮವೂ ಅಲ್ಲಿ ಉಳಿಯಲಿಲ್ಲ. ಕೆಲವು ವರ್ಷ ಸುರೇಬಾನದಲ್ಲಿ ಓಡಲಾರದ, ಕಣ್ಣಲ್ಲಿ ನೀರು ಸುರಿಸುವ ಬಡಕಲು ನಾಯಿಗಳು ಕಾಣುತ್ತಿದ್ದವಂತೆ. ಆಮೇಲೆ ಅವೂ ಕಾಣಲಿಲ್ಲ. ಗೌಡಿಕೆಯೂ ಅವನಿಗೆ ಬರಲಿಲ್ಲ, ಅಷ್ಟು ಮಟ್ಟಿಗೆ ದೇವರಿದ್ದಾನೆ.

ದೊಡ್ಡವ್ವ ಮತ್ತೆ ನಾಯಿ ಸಾಕಲಿಲ್ಲ. ನಾನೊಮ್ಮೆ ತಡೆಯಲಾರದೆ ಕೇಳಿಬಿಟ್ಟೆ, ನನ್ನಿಂದ ಹೀಗಾಯಿತಲ್ಲ ಎಂದು. ಅವಳಿಗೆ ಬಂದ ಸಿಟ್ಟು! "ನಿನ್ನಿಂದ ಏನೂ ಆಗಿಲ್ಲ. ಕೊಟ್ಟಾಕಿ ನಾನು. ಆಂವ ಏನ ಮಾಡತಾನಂತ ಗೊತ್ತಿದ್ದ ಕೊಟ್ಟೇನಿ. ಮತ್ತ ಕೇಳಿದ್ರೂ ಕೊಡತೇನಿ. ನೀ ಅಳಬ್ಯಾಡ, ನನ್ನೂ ಅಳಸಬ್ಯಾಡ," ಎಂದಳು. ಆದರೆ ಮರಿಗಳ ಕೋಣೆಯ ಮರಳನ್ನು ಮಾತ್ರ ಅವಳು ಎಷ್ಟೋ ವರ್ಷ ಎತ್ತಿಹಾಕಿಸಲಿಲ್ಲ.

ನನಗೆ ಬೈಲಹೊಂಗಲದ ಈ ಮನೆಯ ಸಂಬಂಧ ಕೂಡಿ ಬಂದಾಗ ಮೊದಲು ನೋಡಲು ಬಂದವಳು ಅವಳೇ. ಕೊಟ್ಟಿಗೆಗೆ ಹೋಗಿ ಎತ್ತಿನ ಬೆನ್ನು ನೋಡಿದಳು, ನನ್ನ ಅತ್ತೆಯಾಗುವವಳನ್ನು ನಿಮ್ಮ ಅವ್ವ ಎಲ್ಲಿಯವಳು, ಅವ್ವನ ಅವ್ವ ಎಲ್ಲಿಯವಳು ಎಂದು ಕೇಳಿ ತಬ್ಬಿಬ್ಬು ಮಾಡಿದಳು. ನನ್ನ ಬಾಣಂತನಕ್ಕೂ ಬಂದಳು. ನಮ್ಮ ಅತ್ತೆ ಸಹಜವಾಗಿ "ನಿಮಗ ಮಕ್ಕಳೆಷ್ಟರಿ?" ಎಂದು ಕೇಳಿದಳು. "ಅದಾವ್ರಿ. ಮಣ್ಣಾಗ ಅದಾವು. ಆದ್ರೂ ನನ್ನವ," ಎಂದಳು, ಯಾರೂ ಅಯ್ಯೋ ಎನ್ನದಂಥ ದನಿಯಲ್ಲಿ. ಆಮೇಲೆ ನನ್ನ ಪಕ್ಕದಲ್ಲಿ ಕುಳಿತು, ಕೂಸು ಹಾಲು ಕುಡಿದು ನಿದ್ದೆ ಹೋಗುವವರೆಗೂ ಕಣ್ಣು ಮಿಟುಕಿಸದೆ ನೋಡಿದಳು. ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ, ನಾನೂ ಕರೆಯಲಿಲ್ಲ.

ಅವಳು ಹೋಗಿ ಎಷ್ಟು ಕಾಲವಾಯಿತು... ತೊರಗಲ್ಲಿನ ಮನೆಯೂ ಬಿದ್ದಿದೆಯಂತೆ. ನನ್ನ ಮಕ್ಕಳಿಗೆ ಅವಳ ನೆನಪು ಮಸುಕು, ಮೊಮ್ಮಕ್ಕಳಿಗೆ ಇಲ್ಲವೇ ಇಲ್ಲ. ಅವಳ ಸ್ವರ ಹೇಗಿತ್ತೆಂದು ಯಾರಿಗೂ ಹೇಳಿ ತಿಳಿಸಲಾರೆ. ಅದು ನನ್ನೊಡನೆಯೇ ಹೋಗುತ್ತದೆ, ಅದಕ್ಕೆ ನನಗೆ ದುಃಖವಿದೆ.

ಹೋದ ವಾರ ಎಮ್ಮೆಗೆ ಮದ್ದು ಕೊಡಲು ದನದ ದವಾಖಾನೆಯ ಹೊಸ ಡಾಕ್ಟರು ಬಂದಿದ್ದ. ಹುಡುಗ ಒಳ್ಳೆಯವನು, ಬೇಟೆನಾಯಿಗಳ ಮೇಲೆ ಜೀವ. ನಾನು ತೊರಗಲ್ಲಿನವಳು ಎಂದು ತಿಳಿದದ್ದೇ ಕಟ್ಟೆಯ ಮೇಲೆ ಕುಳಿತುಬಿಟ್ಟ. "ಅಮ್ಮಾರ, ನಿಮ್ಮೂರಾಗ ಭಾಳ ಚಲೋ ತಳಿ ಇತ್ತಂತ ಹಳೇ ಶಿಕಾರಿ ಮಂದಿ ಹೇಳತಾರ್ರಿ. ಊರೂರು ತಿರಗೇನಿ, ಒಂದೂ ಸಿಗಲಿಲ್ಲ. ಅಂಥಾದ್ದು ಮತ್ತ ಹುಟ್ಟೂದಿಲ್ರಿ. ಯಾರೋ ತಿಳಿವಳಿಕಿ ಇಲ್ಲದವರು ಕಳಕೊಂಡ ಬಿಟ್ರು," ಎಂದು ನಿಟ್ಟುಸಿರು ಬಿಟ್ಟ.

ನನ್ನ ಪಿತ್ತ ನೆತ್ತಿಗೇರಿತು. "ಕಳಕೊಂಡಿಲ್ಲಪಾ," ಎಂದೆ. "ತಿಳಿದ ಕೊಟ್ಟಾರ."

"ಹೌದ್ರಿ? ಅಂಥಾ ನಾಯಿ ಏನರ ಸಲುವಾಗಿ ಕೊಟ್ರು?"

"ನನ್ನ ಸಲುವಾಗಿ."

ಅವನು ನನ್ನ ನೆರೆತ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ, ಆ ಬೆಲೆಗೆ ಇದು ಸಮವೇ ಎಂಬಂತೆ. ನೋಡಲಿ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.